ಕೆಂಪು ಕಾರಿಗೆ ಕೊಡೆ

"ನಮ್ಮ ಭಾವ ತೀರಿಕೊಂಡರು ಸಾರ್," ಎಂದು ಕೆಂಪು ಕಾರಿನ ಯಜಮಾನರ ಭಾವಮೈದುನ ಬೆಳಗಾಗುತ್ತಲೇ ಹಳೆಯ ಕಾರುಗಳ ಕ್ಲಬ್ಬಿನ ಅಧ್ಯಕ್ಷರಿಗೆ ಫೋನಿನಲ್ಲಿ ತಿಳಿಸಿದ.

"ಅಯ್ಯೋ, ನಮ್ಮ ಅರವತ್ತಾರಾ?" ಆ ಕ್ಲಬ್ಬಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ; ಅವರವರ ಇಟಲಿ ಕಾರು ಯಾವ ಇಸವಿಯದೋ ಅದೇ ಅವರ ಹೆಸರು. "ಕಾರಿನಲ್ಲಿ ಹೋಗುವಾಗ ಏನಾದರೂ...?"

"ಇಲ್ಲ ಸಾರ್, ಮನೆಯಲ್ಲೇ. ಎದೆನೋವು."

"ಹಾಗಾದರೆ ಕಾರಿಗೇನೂ ಆಗಿಲ್ಲ?"

"ಇಲ್ಲ."

"ಸದ್ಯ," ಎಂದರು ಅಧ್ಯಕ್ಷರು. ಆಮೇಲೆ ನೆನಪಾಗಿ, "ಛೆ ಛೆ, ದೇವರಂಥ ಮನುಷ್ಯ," ಎಂದರು.

ಮಧ್ಯಾಹ್ನದ ಹೊತ್ತಿಗೆ ಕ್ಲಬ್ಬಿನವರು ಬಂದರು. ಹಿಂದಿನ ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆಯಲ್ಲಿ ತಮ್ಮ ಕಾರುಗಳನ್ನು ಹೊರಗೆ ತೆಗೆಯುವುದುಂಟೇ? ಎಲ್ಲರೂ ಟ್ಯಾಕ್ಸಿಯಲ್ಲೇ ಬಂದಿದ್ದರು. ನಡುಮನೆಯಲ್ಲಿ ಮಲಗಿಸಿದ್ದ ದೇಹದ ಮುಂದೆ ತಲೆ ತಗ್ಗಿಸಿ ನಿಂತರು. ರಾತ್ರಿಯೆಲ್ಲ ದೇವರ ಹೆಸರು ಹೇಳುತ್ತ ಮೂಲೆಯಲ್ಲಿ ಕುಳಿತಿದ್ದ ಹೆಂಡತಿಗೆ ಕೈಮುಗಿದರು. ನಂತರ ಒಬ್ಬೊಬ್ಬರಾಗಿ ಪಕ್ಕದ ಬಾಗಿಲಿನಿಂದ ಶೆಡ್ಡಿನ ಕಡೆಗೆ ಜಾರಿದರು. ದೇಹದ ಮುಂದೆ ಟೋಪಿ ತೆಗೆಯಲು ಮರೆತಿದ್ದ ಒಬ್ಬರು, ಕಾರಿನ ಮುಂದೆ ಅದನ್ನು ತೆಗೆದು ಕಂಕುಳಲ್ಲಿ ಇರಿಸಿಕೊಂಡರು. ಅವರ ಮಾತು ಒಳಗೆ ಕುಳಿತವಳಿಗೂ ಕೇಳಿಸುತ್ತಿತ್ತು.

"ನೋಡಿ ಇಲ್ಲಿ, ಬಾಗಿಲಿನ ಕೆಳಗೆ ಒಂದು ಚುಕ್ಕೆ ತುಕ್ಕಿಲ್ಲ. ಆ ಕಾಲದ ಇಟಲಿ ತಗಡು ಬರೀ ಗಾಳಿಗೇ ತುಕ್ಕು ಹಿಡಿಯುತ್ತೆ."

"ನನ್ನದಕ್ಕೆ ಎಷ್ಟು ಸಲ ತೇಪೆ ಹಾಕಿಸಿದ್ದೀನೋ ಲೆಕ್ಕವೇ ಇಲ್ಲ ಕಣಯ್ಯಾ. ಈ ಮನುಷ್ಯ ಒಂದು ಹನಿ ಬೀಳೋಕೆ ಬಿಟ್ಟವರಲ್ಲ." ಹಾಗೆಂದವರು ಬಾಗಿಲಲ್ಲಿ ನಿಂತಿದ್ದ ಭಾವಮೈದುನನ ಕಡೆ ತಿರುಗಿದರು. "ಇನ್ನು ಮುಂದೆ ಯಾರಪ್ಪಾ ನೋಡಿಕೊಳ್ಳೋದು?"

"ನಮ್ಮಕ್ಕನನ್ನಾ? ನಾನಿದ್ದೀನಲ್ಲ ಸಾರ್."

"ಅಲ್ಲಪ್ಪಾ, ಕಾರನ್ನ."

ಒಂದು ಹನಿ ಬೀಳಲು ಬಿಟ್ಟವರಲ್ಲ ಎಂಬುದು ನಿಜ. ಅವಳು ಆ ಕಾರಿನಲ್ಲಿ ಕುಳಿತದ್ದು ಪ್ರದರ್ಶನದ ಫೋಟೋಕ್ಕೆ ಮಾತ್ರ. ಆಗಲೂ ಚಪ್ಪಲಿ ಹೊರಗೆ ಬಿಟ್ಟು, ಚರ್ಮದ ಸೀಟಿನ ಮೇಲೆ ಬಿಳಿ ಟವೆಲು ಹಾಸಿ. ಉಳಿದ ದಿನವೆಲ್ಲ ಅವಳಿಗೆ ಬಸ್ಸು. ನಿನ್ನೆ ಸಂಜೆ ಅವರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದಾಗ ಆಂಬುಲೆನ್ಸಿನವರು ಬರುವುದು ತಡವಾಗುತ್ತದೆ ಎಂದಿದ್ದರು. ಪಕ್ಕದ ಬೀದಿಯಿಂದ ಓಡಿಬಂದ ಅವಳ ತಮ್ಮ, ಕಾರಿನ ಕೀಲಿ ಕೇಳಿದ. "ಈ ಮಳೇಲಾ? ಬೇಡ, ಬೇಡ," ಎಂದು ಅವರು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. "ಬರೀ ಗ್ಯಾಸು ಕಣೋ. ಮಳೆ ನಿಲ್ಲಲಿ, ಹೋಗೋಣ." ಅವಳು ಕಾಲು ಹಿಡಿದು ಬೇಡಿಕೊಂಡಳು. ಆ ಮುಷ್ಟಿ ಸಡಿಲವಾದದ್ದು ಉಸಿರು ನಿಂತ ಮೇಲೆ. ಕೀಲಿ ಈಗ ಅವಳ ಅಂಗೈಯಲ್ಲಿತ್ತು.

ದೇಹವನ್ನು ಒಯ್ಯುವ ವ್ಯಾನು ಗೇಟಿಗೆ ಬಂದು ನಿಂತಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಅವಳ ಬಳಿ ಬಂದರು.

"ಅಮ್ಮಾ, ನಮ್ಮಲ್ಲೊಂದು ಪದ್ಧತಿ ಇದೆ. ಸದಸ್ಯರು ಹೋದರೆ ಅವರ ಕಾರು ವ್ಯಾನಿನ ಮುಂದೆ ಹೋಗಬೇಕು. ಹಿಂದೆ ನಮ್ಮೆಲ್ಲರ ಕಾರುಗಳು, ದೀಪ ಹಾಕಿಕೊಂಡು. ನಾವು ಮಾಡೋ ಕೊನೆಯ ಮರ್ಯಾದೆ ಅದೇ."

"ಆಗಲಿ," ಎಂದಳು.

"ಅದಕ್ಕೇ ಕೇಳ್ತಿದ್ದೀನಿ, ವ್ಯಾನಿನವನಿಗೆ ಸ್ವಲ್ಪ ಕಾಯೋಕೆ ಹೇಳಿ. ನಮ್ಮ ಕಾರುಗಳನ್ನೂ ತರಿಸಬೇಕು. ಆ ಕಡೆ ಆಕಾಶ ಬೆಳ್ಳಗಾಗ್ತಾ ಇದೆ. ಮಳೆ ನಿಲ್ಲಲಿ, ಹೋಗೋಣ."

ತಮ್ಮನಿಗೆ ತಡೆಯಲಾಗಲಿಲ್ಲ. "ತಗಡಿಗೋಸ್ಕರ ಹೆಣ ಕಾಯಬೇಕಾ ಸಾರ್?"

"ಸುಮ್ನಿರೋ," ಎಂದಳು ಅಕ್ಕ. "ಅವರನ್ನ ಯಾಕೆ ಅಂತೀಯ? ನಿನ್ನೆ ನಿಮ್ಮ ಭಾವ ಹೇಳಿದ್ದೂ ಇದೇ ಮಾತು. ಒಂದಕ್ಷರ ಹೆಚ್ಚುಕಡಿಮೆ ಇಲ್ಲ."

ಅಧ್ಯಕ್ಷರ ಮುಖ ಅರಳಿತು. "ನೋಡಿದೆಯೇನಪ್ಪಾ? ಈಗ ಇದ್ದಿದ್ದರೂ ಅವರು ಹಾಗೇ ಹೇಳುತ್ತಿದ್ದರು."

ಅವಳು ಎದ್ದಳು. ಚಪ್ಪಲಿ ಮೆಟ್ಟಿ, ಅಂಗಳದ ಕೆಸರಿನಲ್ಲಿ ನೆನೆಯುತ್ತ ನಡೆದು ಶೆಡ್ಡಿಗೆ ಹೋದಳು. ಕ್ಲಬ್ಬಿನವರು ದಾರಿ ಬಿಟ್ಟರು. ಕಾರಿನ ಬಾಗಿಲು ತೆಗೆದು, ಕೆಸರು ಕಾಲಿನಲ್ಲೇ, ಪೂರ್ತಿ ಒದ್ದೆಯಾದ ಬಟ್ಟೆಯಲ್ಲೇ ಒಳಗೆ ಕುಳಿತಳು. ಕೀಲಿಯನ್ನು ತಮ್ಮನ ಕೈಗಿಟ್ಟು, "ತೆಗಿಯೋ ಕಾರು," ಎಂದಳು.

"ಅಮ್ಮಾ, ಚಪ್ಪಲಿ!" ಎಂದರು ಯಾರೋ. ಅಧ್ಯಕ್ಷರು ಗೂಟದಲ್ಲಿದ್ದ ಬಿಳಿ ಟವೆಲನ್ನು ಎಳೆದುಕೊಂಡು ಓಡಿ ಬಂದರು. "ಇದನ್ನಾದರೂ ಹಾಸಿಕೊಳ್ಳಿ ತಾಯಿ. ಅರವತ್ತು ವರ್ಷದ ಚರ್ಮ ಅದು."

"ನನ್ನದೂ ಅಷ್ಟೇ ವರ್ಷದ್ದು," ಎಂದು ಅವಳು ಬಾಗಿಲು ಎಳೆದುಕೊಂಡಳು.

ಎಂಜಿನ್ನು ಮೊದಲ ಸಲಕ್ಕೇ ಗುಡುಗಿತು. ಅದೇ ಹೊತ್ತಿಗೆ ಮುಂಬಾಗಿಲಿನಿಂದ ದೇಹವನ್ನು ಹೊರಗೆ ತಂದರು. ಕೊಡೆ ಹಿಡಿಯಲು ಹೊತ್ತವರ ಕೈಗೆ ಬಿಡುವಿರಲಿಲ್ಲ. ಗೇಟಿನವರೆಗೂ ಯಜಮಾನರ ಹಣೆಯ ಮೇಲೆ ಮಳೆ ಬೀಳುತ್ತಲೇ ಇತ್ತು. ಇತ್ತ ಕೆಂಪು ಮೂತಿ ಶೆಡ್ಡಿನಿಂದ ಹೊರಗೆ ಬರುತ್ತಲೇ ಕ್ಲಬ್ಬಿನವರ ಕೊಡೆಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡವು. ಅವರು ತಾವು ತೊಯ್ಯುತ್ತ, ಕಾರಿನ ಎರಡೂ ಬದಿಯಲ್ಲಿ ಹೆಜ್ಜೆ ಹಾಕುತ್ತ, ಬಾನೆಟ್ಟಿಗೆ ಕೊಡೆ ಹಿಡಿದು ನಡೆದರು.

ಗಾಜಿನೊಳಗಿಂದ ಅವಳು ಎರಡನ್ನೂ ನೋಡಿದಳು. ಆಗ ಮೊದಲ ಬಾರಿಗೆ ಅವಳ ಕಣ್ಣು ತುಂಬಿ ಬಂತು. ಕೈ ಮುಗಿದು ಕಣ್ಣು ಮುಚ್ಚಿದಳು. "ದೇವರೇ, ನನ್ನ ಯಜಮಾನರಿಗೆ ಶಾಂತಿ ಕೊಡು. ಮಳೆಗೆ ಹೆದರಬೇಕಿಲ್ಲದ ಕಡೆ ಅವರನ್ನು ಇಟ್ಟುಕೋ. ಹೋಗುವಾಗ ಮಾತ್ರ ಅವರು ತಿರುಗಿ ನೋಡದ ಹಾಗೆ ಮಾಡಪ್ಪಾ. ಈ ಒದ್ದೆ ಸೀಟು ಅವರ ಕಣ್ಣಿಗೆ ಬೀಳುವುದು ಬೇಡ."