ಕತ್ತರಿಸಿದ ಹೆಸರು

ನರ್ಸ್ ತರಬೇತಿ ಶಾಲೆಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುತ್ತಾರೆಂದು ತಿಳಿದ ದಿನವೇ ಚನ್ನಬಸವ್ವ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಳು. ಇಪ್ಪತ್ತಾರು ವರ್ಷಗಳ ಹಿಂದೆ ಪ್ರವೇಶ ಪರೀಕ್ಷೆಯಲ್ಲಿ ನಪಾಸೆಂದು ಅವಳನ್ನು ಇಲ್ಲಿಂದಲೇ ಮನೆಗೆ ಕಳಿಸಿದ್ದರು. ಅಂದಿನಿಂದ ಅವಳು ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

“ಈ ಚನ್ನಬಸವ್ವ ನಪಾಸ್ ಆಗಿಲ್ರಿ! ಬಂದಾಗೊಮ್ಮೆ ಮಾರ್ಕ್ಸಿನ ಕಾಗದಾ ಗೆದ್ದಲು ತಿಂದಾವ ಅಂತೀರಿ. ಅವೇ ಮಾರ್ಕ್ಸ್ ಇರೋ ಈ ಕಂಪ್ಯೂಟರನ್ನೂ ಗೆದ್ದಲು ತಿಂದಾವೇನು?” ಎಂದು ಮೇಜು ಗುದ್ದಿದಳು.

ಹೊಸದಾಗಿ ವರ್ಗವಾಗಿ ಬಂದಿದ್ದ ಪ್ರಿನ್ಸಿಪಾಲ್ ಮೇಡಂ ಕಂಪ್ಯೂಟರ್ ಚಾಲೂ ಮಾಡಿದರು. ಆ ಕಾಲದ ಯಂತ್ರದಲ್ಲಿ ಫೈಲಿಗೆ ಉದ್ದ ಹೆಸರು ಹಿಡಿಯುತ್ತಿರಲಿಲ್ಲ. ಮೊದಲ ಆರು ಇಂಗ್ಲಿಷ್ ಅಕ್ಷರಗಳನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಕತ್ತರಿಸಿ, ಕೊನೆಗೊಂದು ಅಂಕಿ ಅಂಟಿಸುತ್ತಿತ್ತು. ಪರದೆಯ ಮೇಲೆ ‘ಚನ್ನ’ ಒಂದು, ‘ಚನ್ನ’ ಎರಡು ಎಂದು ಎರಡು ಫೈಲುಗಳಿದ್ದವು.

ಮೇಡಂ ಎರಡನ್ನೂ ತೆರೆದು, ಅಂಕಗಳನ್ನು ಎರಡೆರಡು ಸಲ ಓದಿದರು.

“ನಿಮಗ ಎಂಬತ್ನಾಕು ಬಂದಾವ್ರಿ. ಮೂವತ್ತೊಂದು ಬಂದದ್ದು ಚನ್ನಮಲ್ಲವ್ವ ಅನ್ನೋ ಇನ್ನೊಬ್ಬಾಕಿಗೆ. ಪಟ್ಟಿ ಮಾಡಿದವ್ರು ಫೈಲ್ ತೆಗದು ನೋಡದ ಅದಲುಬದಲು ಮಾಡ್ಯಾರ.”

ಚನ್ನಬಸವ್ವ ಮತ್ತೆ ಮೇಜು ಗುದ್ದಿದಳು.

“ಖಾರದಾಗ ಕುಂತು ಕಣ್ಣು ಕಳಕೊಂಡೆ ನಾ! ನನ್ನ ಸೀಟು ತಗೊಂಡಾಕಿ ಎಲ್ಲ್ಯಾಳ ಹೇಳ್ರಿ. ಆಕಿ ಮಾರಿ ಒಮ್ಮೆ ನೋಡಬೇಕು!”

ಮೇಡಂ ಕುರ್ಚಿಯಿಂದ ಎದ್ದು ನಿಂತರು.

“ನೋಡ್ರಿ ಅಕ್ಕಾರ,” ಎಂದರು. “ಚನ್ನಮಲ್ಲವ್ವ ನಾನ.”