ಟ್ಯೂಬ್‌ಲೈಟ್

“ಬರ್ತಿರೋದು ಹುಡುಗೀನೋ, ಗಾಜಿನ ಬೊಂಬೇನೋ?” ಎಂದು ಅಮ್ಮ ಫೋನಿನಲ್ಲೇ ಮಗನನ್ನು ತರಾಟೆಗೆ ತೆಗೆದುಕೊಂಡಳು.

ಮಗ ಮದುವೆಯಾಗಬೇಕೆಂದಿದ್ದ ಹುಡುಗಿ ಭಾನುವಾರ ಮೊದಲ ಸಲ ಊಟಕ್ಕೆ ಬರುವವಳಿದ್ದಳು. ಅವಳಿಗೆ ಹುಡುಗ ಒಪ್ಪಿಗೆಯಾಗಿದ್ದ. ಮನೆಯವರನ್ನು ನೋಡಿದ ಮೇಲೂ ಆ ಒಪ್ಪಿಗೆ ಉಳಿಯಬೇಕಿತ್ತು, ಅಷ್ಟೇ. ಅದಕ್ಕಾಗಿ ಮಗ ಹೇರುತ್ತಿದ್ದ ಕಟ್ಟಳೆಗಳು ಒಂದೆರಡಲ್ಲ. ಊಟದ ಕೋಣೆಯ ಟ್ಯೂಬ್‌ಲೈಟ್ ಗುಂಯ್‌ಗುಡುತ್ತದೆ, ಬದಲಾಯಿಸಬೇಕು. ಫಿನಾಯಿಲ್ ಘಾಟು ಕೂಡದು. ರೇಡಿಯೊ ಬಂದ್. ನೆರೆಮನೆಯವರನ್ನು ಕರೆಯಬಾರದು. ಊಟ ಯಾವಾಗ, ಮಾತು ಯಾವಾಗ, ಎಲ್ಲ ಮುಗಿಯುವುದು ಯಾವಾಗ ಎಂದು ಎಲ್ಲರಿಗೂ ಮೊದಲೇ ತಿಳಿಸಬೇಕು. ಇನ್ನೊಂದು ಚೂರು ಬಡಿಸುತ್ತೇನೆಂದು ದುಂಬಾಲು ಬೀಳಬಾರದು. ಹೇಳುವುದನ್ನು ಸುತ್ತಿ ಬಳಸದೆ ನೇರವಾಗಿ ಹೇಳಬೇಕು.

“ಆಟಿಸಂ ಇರೋರಿಗೆ ನಮ್ಮ ಗದ್ದಲ ಎಲ್ಲ ಹಿಂಸೆ ಅಮ್ಮ. ಸದ್ದು, ವಾಸನೆ ನಮಗಿಂತ ಜಾಸ್ತಿ ತಾಗುತ್ತೆ. ಅದು ಕೊಬ್ಬಲ್ಲ,” ಎಂದ ಮಗ.

ಅಮ್ಮನ ಸಿಟ್ಟು ಅಲ್ಲೇ ಕರಗಿತು. ಪಾಪ, ಯಾರು ಹೆತ್ತ ಮಗುವೋ. ಸೊಸೆಯಾಗಿ ಬರುವವಳಿಗೆ ಇಷ್ಟೂ ಮಾಡದಿದ್ದರೆ ಹೇಗೆ?

ನಿಜ ಹೇಳಬೇಕೆಂದರೆ ಅಮ್ಮನಿಗೆ ಹುಡುಗಿಗಿಂತ ಅಪ್ಪನದೇ ಹೆದರಿಕೆ. ಅಪ್ಪನದು ಬೀಗ ರಿಪೇರಿಯ ಅಂಗಡಿ. ಎಂಥ ಬೀಗವೂ ಅವನ ಮಾತು ಕೇಳುತ್ತಿತ್ತು, ಬೀಗರ ಸಹವಾಸ ಮಾತ್ರ ಅವನಿಗೆ ಒಗ್ಗುತ್ತಿರಲಿಲ್ಲ. ನೆಂಟರ ನಡುವೆ ಕೂತವನು ಊಟದ ಮಧ್ಯದಲ್ಲೇ ಎದ್ದು ಅಂಗಡಿಗೆ ಕಾಲ್ಕೀಳುತ್ತಿದ್ದ. ತಮಾಷೆ ಮಾಡಿದರೆ ಪಿಳಿಪಿಳಿ ನೋಡುತ್ತಿದ್ದ. ಅದಕ್ಕೇ ಅಮ್ಮ ಅವನಿಗೆ ಟ್ಯೂಬ್‌ಲೈಟ್ ಎಂದು ಹೆಸರಿಟ್ಟಿದ್ದಳು.

ಈಗ ಗಂಡನ ಮನೆಯಲ್ಲಿರುವ ಮಗಳಿಗೆ ಬಂದ ಮೊದಲ ಸಂಬಂಧ ತಪ್ಪಿದ್ದೂ ಹೀಗೆಯೇ. ಬೀಗಿತ್ತಿಯಾಗಬೇಕಿದ್ದ ಹೆಂಗಸು, ನಿಮ್ಮ ಮನೆ ನಮ್ಮ ಮನೆ ಬೇರೇನಾ ಎಂದು ನಕ್ಕಿದ್ದಳು. “ಬೇರೇನೇ. ಮಧ್ಯೆ ಎರಡು ಬಸ್ಸು ಹಿಡೀಬೇಕು,” ಎಂದು ಅಪ್ಪ ಕೈತೊಳೆದು ಹೊರಟುಹೋಗಿದ್ದ. ಆಮೇಲೆ ಅವರ ಕಡೆಯಿಂದ ಸುದ್ದಿಯೇ ಇಲ್ಲ. ಈ ಸಲವೂ ಹಾಗಾದರೆ ಮಗನ ಮುಖ ನೋಡುವುದು ಹೇಗೆ ಎಂಬುದೇ ಅಮ್ಮನ ಚಿಂತೆ.

ಶನಿವಾರ ಎಲೆಕ್ಟ್ರಿಶಿಯನ್ ಬಂದು ಹೊಸ ದೀಪ ಹಾಕಿದ. ಉರಿಯುತ್ತದಲ್ಲ, ಸಾಕು ಎಂದು ಅಮ್ಮ ಹಳೆಯದಕ್ಕೆ ಇಷ್ಟು ಕಾಲ ಕೈ ಹಚ್ಚಲು ಬಿಟ್ಟಿರಲಿಲ್ಲ. ಮನೆಗೆಲಸವೆಂದರೆ ಮಾರು ದೂರ ನಿಲ್ಲುತ್ತಿದ್ದ ಅಪ್ಪ ಅಂದು ತಾನಾಗಿ ಬಂದು ಏಣಿ ಹಿಡಿದುಕೊಂಡ. ಸೊಸೆ ಬರುವ ಹುರುಪು ಎಂದುಕೊಂಡಳು ಅಮ್ಮ.

ಕಟ್ಟಳೆಯಂತೆ ಅವನಿಗೂ ಎಲ್ಲವನ್ನೂ ಬಿಡಿಸಿ ಹೇಳಿದಳು. ಒಂದಕ್ಕೆ ಊಟ, ಎರಡಕ್ಕೆ ಮಾತು, ಮೂರಕ್ಕೆ ಹುಡುಗಿ ಹೊರಡುತ್ತಾಳೆ.

“ನಡುವೆ ಎದ್ದು ಹೋಗ್ಬೇಡಿ, ದಮ್ಮಯ್ಯ.”

“ಮೂರಕ್ಕೆ ಮುಗಿಯುತ್ತೆ ಅಂತ ಗೊತ್ತಿದ್ರೆ ಯಾಕೆ ಹೋಗ್ಲಿ?” ಎಂದ ಅಪ್ಪ.

ಭಾನುವಾರ ಹುಡುಗಿ ಬಂದಳು. ಬಾಗಿಲಾಚೆ ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದವಳು ಒಳಗೆ ಕಾಲಿಟ್ಟದ್ದೇ ದನಿ ತಗ್ಗಿಸಿದಳು. ಅಮ್ಮನಿಗೆ ಹೂಗುಚ್ಛ ಕೊಟ್ಟಳು. ಅಪ್ಪನ ಮುಂದೆ ತುಕ್ಕು ಹಿಡಿದ, ಕೀಲಿ ಕಳೆದುಹೋದ ಬೀಗವೊಂದನ್ನು ಇಟ್ಟಳು.

ಉಡುಗೊರೆಗೆ ಬೀಗ! ಮಗ ಹೇಳಿದ್ದು ಸುಳ್ಳಲ್ಲ, ಹುಡುಗಿ ಕೊಂಚ ಬೇರೆ ಥರವೇ ಎಂದುಕೊಂಡಳು ಅಮ್ಮ.

ಅಪ್ಪ ಬೀಗವನ್ನು ಕಿವಿಗೆ ಹಿಡಿದು, ತಂತಿಯೊಂದನ್ನು ಒಳಗೆ ತೂರಿಸಿ ಮೆಲ್ಲಗೆ ತಿರುಗಿಸಿದ. ಒಳಗಿನ ಒಂದು ಸ್ಪ್ರಿಂಗ್ ಸೋತಿದೆ ಎಂದ. ಟಿಕ್ ಎಂದು ಬೀಗ ಬಿಟ್ಟುಕೊಂಡಿತು.

“ಈ ಮನೇಲಿ ಕೂತು ಬೀಗದ ಸದ್ದು ಕೇಳಿದ್ದು ಇದೇ ಮೊದಲು,” ಎಂದ.

ಆಮೇಲೆ ಅವನನ್ನು ತಡೆಯುವವರಿಲ್ಲ. ಯಾವ ಬೀಗ ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ, ಕಳ್ಳ ಯಾವುದನ್ನು ಕಂಡರೆ ಬೆವರುತ್ತಾನೆ, ಎಲ್ಲ ಹೇಳಿದ. ಹುಡುಗಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಯಾರೂ ಬಲವಂತ ಮಾಡದಿದ್ದರೂ ತಾನೇ ಎರಡನೇ ಸಲ ಬಡಿಸಿಕೊಂಡ. ಮೂರು ಗಂಟೆ ದಾಟಿತು, ಅಪ್ಪ ಕೂತೇ ಇದ್ದ. ಬಾಗಿಲಿನ ಮೇಲೆ ಒಂದು ಕಣ್ಣಿಟ್ಟಿದ್ದ ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಇಂಥ ಗಂಡನನ್ನು ಅವಳು ಕಂಡೇ ಇರಲಿಲ್ಲ, ಸಂತೋಷಕ್ಕೆ ಕಣ್ಣು ಒದ್ದೆಯಾಯಿತು.

ಹುಡುಗಿ ಹೊರಡಲು ಎದ್ದಳು. ಅಮ್ಮ ಕಟ್ಟಳೆಯಂತೆ ನೇರವಾಗಿಯೇ ಕೇಳಿದಳು.

“ನಿನಗೆ ಆಟಿಸಂ ಅಂತ ಮಗ ಹೇಳಿದ್ದ. ಮನೆ ಹಿತವಾಗಿತ್ತೇನಮ್ಮ? ಇನ್ನೇನಾದ್ರೂ ಬದಲಾಯಿಸ್ಬೇಕಾ?”

ಹುಡುಗಿ ಕಣ್ಣರಳಿಸಿ ಮಗನತ್ತ ನೋಡಿದಳು.

“ನಿನ್ನ ಸೊಸೆಗೆ ಅಂತ ನಾನೆಲ್ಲಿ ಹೇಳಿದೆ?” ಎಂದ ಮಗ.

“ನನಗೇನಮ್ಮ, ಸಂತೆ ಮಧ್ಯೆ ಮಲಗಿಸಿದ್ರೂ ಗೊರಕೆ ಹೊಡೀತೀನಿ,” ಎಂದು ಹುಡುಗಿ ನಕ್ಕಳು. “ಆಟಿಸಂ ಇರೋದು ನಮ್ಮಪ್ಪನಿಗೆ. ನಿಮ್ಮನೆ ಕಥೆ ಕೇಳಿದಾಗ ಮಾವನೂ ಥೇಟ್ ಅವರ ಥರಾನೇ ಇರ್ಬಹುದು ಅನ್ನಿಸ್ತು. ಅದಕ್ಕೇ, ಮಾವನಿಗೋಸ್ಕರ ಒಂದ್ಸಲ ಇದೆಲ್ಲ ಮಾಡಿ ನೋಡೋಣ ಅಂದೆ.”

“ಅಪ್ಪನಿಗೆ ಅಂದಿದ್ರೆ ನೀನು ಆ ದೀಪ ಬದಲಾಯಿಸ್ತಿದ್ಯಾ?” ಎಂದ ಮಗ.

ಅಮ್ಮ ತಲೆಯೆತ್ತಿ ಹಳೆಯ ದೀಪವಿದ್ದ ಜಾಗವನ್ನೇ ನೋಡುತ್ತ ನಿಂತಳು.

“ಅಲ್ಲಿಲ್ಲ,” ಎಂದ ಅಪ್ಪ, ಕೈಯಲ್ಲಿದ್ದ ಬೀಗದಿಂದ ಕಣ್ಣು ಕೀಳದೆ. “ಟ್ಯೂಬ್‌ಲೈಟ್ ಈಗ ಕೆಳಗೆ ನಿಂತಿದೆ.”