ದೆವ್ವದ ಹಡಗು, ವಿಜ್ಞಾನದ ಮಾಸ್ತರರು

ಮಗಳಿಗೆ ಬಂದ ಸಂಬಂಧ ನೋಡಲು ವಿಜ್ಞಾನದ ಮಾಸ್ತರರು ಆ ಊರಿಗೆ ಬಂದಿದ್ದರು. ಹುಡುಗ ತಾನೇ ಬಂದು ಕರೆದೊಯ್ಯುತ್ತೇನೆಂದಿದ್ದ. ಅವನನ್ನು ಕಾಯುತ್ತ ಬಂದರಿನ ಕಟ್ಟೆಯ ಮೇಲೆ ಕೂತರು. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ ದೆವ್ವದ ಹಡಗಿನ ಕಥೆ ತೆಗೆದ.

"ಅಮಾವಾಸ್ಯೆಗೆ ಬರ್ತದೆ. ದೀಪ ಇಲ್ಲ, ಜನ ಇಲ್ಲ. ನೋಡಿದವರು ಒಬ್ಬರೂ ತಿರುಗಿ ಬಂದಿಲ್ಲ."

ಮಾಸ್ತರರು ನಕ್ಕರು. "ಒಬ್ಬರೂ ಬರಲಿಲ್ಲ ಅಂದಮೇಲೆ, ದೀಪ ಇಲ್ಲ ಅಂತ ನಿಮಗೆ ಹೇಳಿದ್ದು ಯಾರು?"

"ಹೀಗೇ ಕೇಳಿದವ ಒಬ್ಬನಿದ್ದ. ಗಣಪು ಖಾರ್ವಿ ಮಗ, ದಾಮೋದರ. ಊರವರ ಬಾಯಿ ಮುಚ್ಚಿಸ್ತೇನೆ ಅಂತ ದೋಣಿ ತಗೊಂಡು ಹೋದ. ದೋಣಿ ಮಾತ್ರ ದಡಕ್ಕೆ ಬಂತು."

ಮಾಸ್ತರರ ನಗು ನಿಂತಿತು. ಅವರು ಅಳಿಯ ಮಾಡಿಕೊಳ್ಳಲು ನೋಡಬಂದದ್ದು ಅದೇ ದಾಮೋದರನನ್ನು.

ಅಷ್ಟರಲ್ಲಿ ಇಸ್ತ್ರಿ ಅಂಗಿಯ ಯುವಕನೊಬ್ಬ ಓಡಿಬಂದ. "ನಮಸ್ಕಾರ ಸರ್, ತಡವಾಯ್ತು. ನಾನೇ ದಾಮೋದರ. ಈ ಅಜ್ಜನ ಮಾತು ನಂಬಬೇಡಿ. ನಾನು ಹೋದದ್ದು ಹಾಸ್ಟೆಲಿಗೆ, ಓದಲಿಕ್ಕೆ."

ಮುದುಕ ಬಲೆಯಿಂದ ತಲೆ ಎತ್ತಲಿಲ್ಲ. "ಯಾರು ಕೇಳಿದರೂ ಹೀಗೇ ಹೇಳ್ತಾನೆ. ಸತ್ತದ್ದು ಇನ್ನೂ ಅವನಿಗೆ ಗೊತ್ತಾಗಲಿಲ್ಲ, ಪಾಪ."

"ಸರ್, ನೀವು ವಿಜ್ಞಾನ ಕಲಿಸುವವರು. ನೀವೇ ಹೇಳಿ ಇವರಿಗೆ."

"ಹೇಳ್ತೇನೆ, ಹೇಳ್ತೇನೆ. ದೆವ್ವ ಅನ್ನುವುದೆಲ್ಲ ಶುದ್ಧ ಸುಳ್ಳು," ಎಂದು ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು. "ನೀವು ಒಂದ್ಸಲ ಆ ಶೂ ಬಿಚ್ಚಿ. ಪಾದ ಮುಂದಕ್ಕಿದೆಯೋ ಹಿಂದಕ್ಕಿದೆಯೋ, ನೋಡಿಬಿಡೋಣ."